ಅತಿಸಾರದ ರೋಗಶರೀರವಿಜ್ಞಾನ

ಅತಿಸಾರ ಅಥವಾ ಭೇದಿ ಎಂದರೆ ಮಲವು ತನ್ನ ಸಹಜವಾದ ಗಟ್ಟಿತನವನ್ನು ಕಳೆದುಕೊಂಡು, ನೀರಾಗಿ ಪದೇ ಪದೇ ವಿಸರ್ಜನೆಯಾಗುವ ಸ್ಥಿತಿ. ದಿನವೊಂದರಲ್ಲಿ ಮೂರು ಅಥವಾ ಹೆಚ್ಚು ಬಾರಿ, ಅಥವಾ ಆ ವ್ಯಕ್ತಿಯ ಎಂದಿನ ರೂಢಿಗಿಂತ ಹೆಚ್ಚು ಬಾರಿ ತೆಳುವಾದ ಮಲ ಹೋದರೆ ಅದನ್ನು ಅತಿಸಾರವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಗಟ್ಟಿಯಾದ ಮಲ ಹಲವು ಬಾರಿ ಹೋದರೆ ಅದು ಅತಿಸಾರವಲ್ಲ. ಎದೆಹಾಲು ಮಾತ್ರ ಕುಡಿಯುವ ಕೂಸಿನ ಹಳದಿ ಬಣ್ಣದ ಮೆತ್ತನೆಯ ಮಲವೂ ಅತಿಸಾರವಲ್ಲ. ಮಲದಲ್ಲಿ ರಕ್ತ ಕಂಡರೆ ಅದು ಆಮಶಂಕೆ ಎನಿಸಿಕೊಳ್ಳುತ್ತದೆ. ಹದಿನಾಲ್ಕು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ನಿಲ್ಲದಿದ್ದರೆ ದೀರ್ಘಕಾಲಿಕ ಅತಿಸಾರವೆಂದು ಪರಿಗಣಿಸಲಾಗುತ್ತದೆ.

ಅತಿಸಾರವು ಸ್ವತಃ ಒಂದು ಕಾಯಿಲೆಯಲ್ಲ, ಹಲವು ಕಾಯಿಲೆಗಳ ಲಕ್ಷಣ. ತೀವ್ರವಾದ ಅತಿಸಾರದಲ್ಲಿ ರೋಗಿಯ ಪ್ರಾಣಕ್ಕೆ ಕುತ್ತು ತರುವುದು ಬಹುತೇಕ ಸಂದರ್ಭಗಳಲ್ಲಿ ರೋಗಾಣುವಲ್ಲ, ದೇಹದಿಂದ ಹರಿದುಹೋಗುವ ನೀರು ಮತ್ತು ಲವಣಗಳ ನಷ್ಟ. ಈ ವ್ಯತ್ಯಾಸವನ್ನು ತಿಳಿಯದ ಕಾಲದಲ್ಲಿ ರೋಗಿಗೆ ನೀರು ಕೊಡುವುದನ್ನೇ ನಿಲ್ಲಿಸಲಾಗುತ್ತಿತ್ತು. ಆ ರೂಢಿ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಅಂದಾಜಿನಂತೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿವರ್ಷ ಅತಿಸಾರದಿಂದ ಸಾಯುತ್ತಾರೆ. 1980ರ ದಶಕದ ಆರಂಭದಲ್ಲಿ ಈ ಸಂಖ್ಯೆ 40 ಲಕ್ಷವನ್ನು ಮೀರಿತ್ತು.

ಕರುಳಿನಲ್ಲಿ ನೀರಿನ ಜಮಾಖರ್ಚು

ವಯಸ್ಕ ವ್ಯಕ್ತಿಯ ಕರುಳಿನೊಳಗೆ ದಿನವೊಂದಕ್ಕೆ ಎಂಟರಿಂದ ಒಂಬತ್ತು ಲೀಟರ್ ದ್ರವ ಬಂದು ಸೇರುತ್ತದೆ. ಇದರಲ್ಲಿ ಕುಡಿದ ಮತ್ತು ಉಂಡ ಪದಾರ್ಥಗಳಿಂದ ಬರುವುದು ಸುಮಾರು ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ದೇಹವೇ ಸುರಿಸುವ ರಸಗಳು: ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ ಮತ್ತು ಕರುಳಿನ ಸ್ವಂತ ಸ್ರಾವ. ಅಂದರೆ ಜೀರ್ಣಕ್ರಿಯೆಗಾಗಿ ದೇಹವು ತನ್ನ ರಕ್ತದಿಂದಲೇ ಆರೇಳು ಲೀಟರ್ ದ್ರವವನ್ನು ಕರುಳಿಗೆ ಸಾಲವಾಗಿ ಕೊಟ್ಟು, ಅದೇ ದಿನ ಮರಳಿ ಪಡೆಯುತ್ತದೆ. ಇದರ ಬಹುಪಾಲನ್ನು ಸಣ್ಣಕರುಳು ಹೀರಿಕೊಳ್ಳುತ್ತದೆ. ದೊಡ್ಡಕರುಳಿಗೆ ತಲುಪುವುದು ಒಂದರಿಂದ ಒಂದೂವರೆ ಲೀಟರ್. ಅದರಲ್ಲಿಯೂ ಹೆಚ್ಚಿನದು ಹೀರಲ್ಪಟ್ಟು, ಕೊನೆಗೆ ಮಲದೊಡನೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಅಷ್ಟೇ.

ಇಷ್ಟು ದೊಡ್ಡ ವಹಿವಾಟಿನಲ್ಲಿ ಸ್ವಲ್ಪ ಏರುಪೇರಾದರೂ ಅದು ಮಲದಲ್ಲಿ ಎದ್ದು ಕಾಣುತ್ತದೆ. ಆದರೂ ಸಣ್ಣಪುಟ್ಟ ಏರುಪೇರುಗಳಿಂದ ಅತಿಸಾರವಾಗುವುದಿಲ್ಲ. ದೊಡ್ಡಕರುಳಿಗೆ ಅಗತ್ಯ ಬಿದ್ದಾಗ ದಿನಕ್ಕೆ ನಾಲ್ಕರಿಂದ ಐದು ಲೀಟರಿನವರೆಗೆ ಹೀರುವ ಶಕ್ತಿಯಿದೆ. ಸಣ್ಣಕರುಳಿನಿಂದ ಬರುವ ದ್ರವ ಈ ಮಿತಿಯನ್ನು ದಾಟಿದಾಗ, ಅಥವಾ ದೊಡ್ಡಕರುಳೇ ರೋಗಗ್ರಸ್ತವಾದಾಗ ಅತಿಸಾರ ಕಾಣಿಸಿಕೊಳ್ಳುತ್ತದೆ.

ಹೀರುವಿಕೆ ಮತ್ತು ಸ್ರವಿಕೆ

ಸಣ್ಣಕರುಳಿನ ಒಳಮೈ ನುಣುಪಾಗಿರದೆ ಮಖಮಲ್ಲಿನಂತಿರುತ್ತದೆ. ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣದಾದ, ಬೆರಳಿನ ಆಕಾರದ ಲಕ್ಷಾಂತರ ಚಾಚುಗಳು ಅಲ್ಲಿ ನಿಂತಿವೆ. ಇವನ್ನು ವಿಲ್ಲೈ ಎನ್ನುತ್ತಾರೆ. ಇವುಗಳ ಬುಡದಲ್ಲಿ ಸಣ್ಣ ಕುಳಿಗಳಿವೆ. ಚಾಚುಗಳ ತುದಿಯಲ್ಲಿರುವ ಬಲಿತ ಜೀವಕೋಶಗಳು ಮುಖ್ಯವಾಗಿ ಹೀರುತ್ತವೆ. ಕುಳಿಗಳಲ್ಲಿರುವ ಎಳೆಯ ಜೀವಕೋಶಗಳು ಮುಖ್ಯವಾಗಿ ಸ್ರವಿಸುತ್ತವೆ. ಕುಳಿಯಲ್ಲಿ ಹುಟ್ಟಿದ ಜೀವಕೋಶವು ಮೂರರಿಂದ ಐದು ದಿನಗಳಲ್ಲಿ ತುದಿಗೆ ಸರಿದು, ಅಲ್ಲಿ ಕೆಲಸ ಮುಗಿಸಿ ಉದುರಿಹೋಗುತ್ತದೆ. ಸಾಮಾನ್ಯ ಅತಿಸಾರವು ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುವುದಕ್ಕೆ ಈ ವೇಗದ ಪುನರ್ನಿರ್ಮಾಣವೂ ಒಂದು ಕಾರಣ.

ಕರುಳಿನ ಗೋಡೆಯಲ್ಲಿ ನೀರನ್ನೇ ನೇರವಾಗಿ ಎತ್ತುವ ಪಂಪು ಯಾವುದೂ ಇಲ್ಲ. ನೀರು ಲವಣವನ್ನು ಹಿಂಬಾಲಿಸುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳುಗಳು ಮರುದಿನ ನೀರು ಬಿಟ್ಟುಕೊಂಡಿರುವುದನ್ನು ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಉಪ್ಪಿನ ಸಾಂದ್ರತೆ ಎಲ್ಲಿ ಹೆಚ್ಚೋ ಅಲ್ಲಿಗೆ ನೀರು ಹರಿಯುತ್ತದೆ, ಇದೇ ಅಭಿಸರಣೆ. ಕರುಳಿನಲ್ಲಿಯೂ ಸೋಡಿಯಂ ಲವಣವು ಜೀವಕೋಶಗಳ ಮೂಲಕ ರಕ್ತದ ಕಡೆಗೆ ಸಾಗಿದರೆ ನೀರು ಅದರ ಬೆನ್ನು ಹಿಡಿದು ಒಳಬರುತ್ತದೆ. ಕ್ಲೋರೈಡ್ ಕರುಳಿನ ಕೊಳವೆಯ ಕಡೆಗೆ ಹೊರಟರೆ ಸೋಡಿಯಂ ಮತ್ತು ನೀರು ಅದರ ಹಿಂದೆ ಹೊರಬೀಳುತ್ತವೆ.

ಸೋಡಿಯಂ ಒಳಬರುವ ದಾರಿಗಳು ಹಲವು. ರೋಗಶರೀರವಿಜ್ಞಾನದ ದೃಷ್ಟಿಯಿಂದ ಎರಡನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಮೊದಲನೆಯದರಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳು ಜೀವಕೋಶದೊಳಗಿನ ಬೇರೆ ಅಯಾನುಗಳೊಡನೆ ಸ್ಥಾನ ಬದಲಿಸಿಕೊಂಡು ಒಳಸೇರುತ್ತವೆ. ಎರಡನೆಯದರಲ್ಲಿ ಸೋಡಿಯಂ ಗ್ಲೂಕೋಸಿನ ಜೊತೆಗೂಡಿ ಬರುತ್ತದೆ. ಜೀವಕೋಶದ ಮೇಲ್ಮೈಯಲ್ಲಿರುವ ಒಂದು ವಿಶಿಷ್ಟ ಸಾಗಣೆ ಪ್ರೋಟೀನು ಒಂದು ಗ್ಲೂಕೋಸ್ ಅಣುವಿನೊಡನೆ ಎರಡು ಸೋಡಿಯಂ ಅಯಾನುಗಳನ್ನು ಒಟ್ಟಿಗೆ ಒಳಕ್ಕೆ ದಾಟಿಸುತ್ತದೆ. ಇವೆರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಬಾಗಿಲು ಕೆಲಸ ಮಾಡದು. ಹೀಗೆ ಒಳಬಂದ ಸೋಡಿಯಂ ಅನ್ನು ಜೀವಕೋಶದ ಬುಡದಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು ರಕ್ತದ ಕಡೆಗೆ ತಳ್ಳುತ್ತದೆ.

ಅತಿಸಾರ ಉಂಟಾಗುವ ಬಗೆಗಳು

ಪಠ್ಯಪುಸ್ತಕಗಳು ಅತಿಸಾರವನ್ನು ಅಭಿಸರಣೆಯ ಬಗೆ, ಸ್ರವಿಕೆಯ ಬಗೆ, ಉರಿಯೂತದ ಬಗೆ ಮತ್ತು ಕರುಳಿನ ಚಲನೆಯ ಬಗೆ ಎಂದು ನಾಲ್ಕಾಗಿ ವಿಂಗಡಿಸುತ್ತವೆ. ಕಲಿಕೆಗೆ ಈ ವಿಂಗಡಣೆ ಅನುಕೂಲ. ರೋಗಿಯ ಹಾಸಿಗೆಯ ಬಳಿ ಮಾತ್ರ ಇವು ಒಂದರೊಳಗೊಂದು ಬೆರೆತಿರುತ್ತವೆ.

ಕರುಳು ಹೀರಲಾರದ ಪದಾರ್ಥವೊಂದು ಕೊಳವೆಯಲ್ಲಿ ಉಳಿದು ನೀರನ್ನು ತನ್ನೆಡೆಗೆ ಎಳೆದುಕೊಂಡರೆ ಅದು ಅಭಿಸರಣೆಯ ಅತಿಸಾರ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕಡಿಮೆಯಿರುವವರಿಗೆ ಹಾಲು ಕುಡಿದ ಮೇಲೆ ಹೊಟ್ಟೆಯುಬ್ಬರ ಮತ್ತು ಭೇದಿ ಆಗುವುದು ಈ ರೀತಿ. ಮೆಗ್ನೀಸಿಯಂ ಇರುವ ಆಮ್ಲಶಾಮಕಗಳು, ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್, ಸಕ್ಕರೆರಹಿತ ಮಿಠಾಯಿಗಳಲ್ಲಿರುವ ಸಾರ್ಬಿಟಾಲ್ ಇವೂ ಹೀಗೆಯೇ ವರ್ತಿಸುತ್ತವೆ. ಆ ಪದಾರ್ಥದ ಸೇವನೆ ನಿಂತರೆ ಭೇದಿಯೂ ನಿಲ್ಲುತ್ತದೆ. ಸ್ರವಿಕೆಯ ಅತಿಸಾರವು ಉಪವಾಸವಿದ್ದರೂ ನಿಲ್ಲುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಈ ಒಂದು ಗುರುತೇ ಎಷ್ಟೋ ವೇಳೆ ಸಾಕಾಗುತ್ತದೆ.

ಸ್ರವಿಕೆಯ ಅತಿಸಾರಕ್ಕೆ ಕಾಲರಾ ಅತ್ಯುತ್ತಮ ನಿದರ್ಶನ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಆ ರೋಗಾಣು ಒಂದು ವಿಷವನ್ನು ಉತ್ಪಾದಿಸುತ್ತಿರಬೇಕೆಂಬ ಊಹೆ ಅವರದಾಗಿತ್ತು. ಆ ಊಹೆಗೆ ಪುರಾವೆ ದೊರೆಯಲು ಮುಕ್ಕಾಲು ಶತಮಾನ ಹಿಡಿಯಿತು. ಕಲ್ಕತ್ತೆಯವರೇ ಆದ ಶಂಭುನಾಥ ಡೇ ಅವರು ಮೊಲದ ಕರುಳಿನ ತುಂಡೊಂದನ್ನು ಎರಡೂ ಕಡೆ ದಾರದಿಂದ ಬಿಗಿದು, ಅದರೊಳಗೆ ರೋಗಾಣುವನ್ನು ಸೇರಿಸಿದಾಗ ಆ ತುಂಡು ನೀರು ತುಂಬಿ ಉಬ್ಬುವುದನ್ನು ತೋರಿಸಿದರು. 1959ರಲ್ಲಿ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವ ಮಾತ್ರವೇ ಇದೇ ಪರಿಣಾಮವನ್ನು ಉಂಟುಮಾಡುತ್ತದೆಂದು ಅವರು ಪ್ರಕಟಿಸಿದರು. ವಿಷ ಇರುವುದು ಕರುಳಿನಲ್ಲಿ, ಕೆಲಸ ಮಾಡುವುದೂ ಕರುಳಿನ ಮೇಲೆಯೇ ಎಂಬುದು ಇದರಿಂದ ಖಚಿತವಾಯಿತು. ಇಷ್ಟು ದೊಡ್ಡ ಶೋಧಕ್ಕೆ ಅವರ ಜೀವಿತಕಾಲದಲ್ಲಿ ಸ್ವದೇಶದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ.

ಕಾಲರಾ ವಿಷವು ಕರುಳಿನ ಜೀವಕೋಶಕ್ಕೆ ಅಂಟಿಕೊಂಡು, ತನ್ನ ಒಂದು ಭಾಗವನ್ನು ಒಳಕ್ಕೆ ಕಳುಹಿಸುತ್ತದೆ. ಅಲ್ಲಿ ಅದು ಚಕ್ರೀಯ ಎ.ಎಂ.ಪಿ. ಎಂಬ ಸಂದೇಶವಾಹಕವನ್ನು ತಯಾರಿಸುವ ಕಿಣ್ವದ ಗುಂಡಿಯನ್ನು ಒತ್ತಿ, ಮತ್ತೆ ಮೇಲೇಳದಂತೆ ಮಾಡುತ್ತದೆ. ಸಂದೇಶವಾಹಕದ ಪ್ರಮಾಣ ಏರುತ್ತಲೇ ಹೋಗಿ, ಕುಳಿಗಳ ಕ್ಲೋರೈಡ್ ನಾಳಗಳು ತೆರೆದೇ ಉಳಿಯುತ್ತವೆ. ಕ್ಲೋರೈಡಿನ ಹಿಂದೆ ಸೋಡಿಯಂ, ಸೋಡಿಯಮಿನ ಹಿಂದೆ ನೀರು. ಅದೇ ವೇಳೆಗೆ ಸೋಡಿಯಂ ಒಳಬರುವ ಮೊದಲನೆಯ ದಾರಿ ಮುಚ್ಚಿಹೋಗುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕ ರೋಗಿಯು ಗಂಟೆಗೆ ಒಂದು ಲೀಟರಿನಷ್ಟು ದ್ರವವನ್ನು ಕಳೆದುಕೊಳ್ಳಬಲ್ಲ. ಮಲವು ಅಕ್ಕಿ ತೊಳೆದ ಕಲಗಚ್ಚಿನಂತೆ ಕಾಣುತ್ತದೆ. ಇಷ್ಟೆಲ್ಲ ಆದರೂ ಕರುಳಿನ ಒಳಪದರಕ್ಕೆ ಗಾಯವಾಗಿರುವುದಿಲ್ಲ. ಎರಡನೆಯ ದಾರಿ, ಅಂದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ದಾಟುವ ಬಾಗಿಲು, ಕೆಡದೆ ಉಳಿದಿರುತ್ತದೆ. ಕಾಲರಾದ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆ. ಪ್ರವಾಸಿಗರನ್ನು ಕಾಡುವ ಕೆಲವು ಜಾತಿಯ ಇ. ಕೋಲೈ ಬ್ಯಾಕ್ಟೀರಿಯಾಗಳೂ ಇಂಥವೇ ವಿಷಗಳನ್ನು ಸ್ರವಿಸುತ್ತವೆ.

ಚಿಕ್ಕ ಮಕ್ಕಳ ತೀವ್ರ ಅತಿಸಾರಕ್ಕೆ ಮುಖ್ಯ ಕಾರಣ ರೋಟಾವೈರಸ್. ಇದನ್ನು 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ಈ ವೈರಸ್ಸು ಚಾಚುಗಳ ತುದಿಯ ಬಲಿತ ಜೀವಕೋಶಗಳನ್ನೇ ಆರಿಸಿ ನಾಶಮಾಡುತ್ತದೆ. ಹೀರುವ ಜೀವಕೋಶಗಳು ಸತ್ತು, ಸ್ರವಿಸುವವು ಉಳಿಯುತ್ತವೆ. ತುದಿಯ ಜೀವಕೋಶಗಳೊಡನೆ ಲ್ಯಾಕ್ಟೋಸ್ ಕಿಣ್ವವೂ ಹೋಗುವುದರಿಂದ ಅಭಿಸರಣೆಯ ಅಂಶವೂ ಸೇರುತ್ತದೆ. ವೈರಸ್ಸಿನ ಒಂದು ಪ್ರೋಟೀನು ವಿಷದಂತೆ ವರ್ತಿಸಿ ಸ್ರವಿಕೆಯನ್ನೂ ಹೆಚ್ಚಿಸುತ್ತದೆ. ಹಾನಿಯು ಎಲ್ಲೆಡೆ ಒಂದೇ ಸಮನಾಗಿರದೆ ಅಲ್ಲಲ್ಲಿ ತೇಪೆ ತೇಪೆಯಾಗಿರುವ ಕಾರಣ, ಉಳಿದ ಜಾಗಗಳು ನೀರನ್ನು ಹೀರಬಲ್ಲವು. ರೋಟಾವೈರಸ್ ಲಸಿಕೆಯ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ಭಾರತದಲ್ಲಿ ಲಸಿಕೆಗಾಗಿ ಪರೀಕ್ಷಿಸಲಾದ ಎರಡು ವೈರಸ್ ತಳಿಗಳಲ್ಲಿ ಒಂದು ಬೆಂಗಳೂರಿನ ನವಜಾತ ಶಿಶುಗಳಿಂದಲೂ, ಇನ್ನೊಂದು ದೆಹಲಿಯ ನವಜಾತ ಶಿಶುಗಳಿಂದಲೂ ದೊರೆತವು. ಕೊನೆಗೆ ಲಸಿಕೆಯಾಗಿ ಬಳಕೆಗೆ ಬಂದದ್ದು ದೆಹಲಿಯ ತಳಿ. 2016ರಲ್ಲಿ ರೋಟಾವೈರಸ್ ಲಸಿಕೆಯು ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು.

ಆಮಶಂಕೆಯ ಸ್ವರೂಪ ಬೇರೆ. ಶಿಗೆಲ್ಲಾ ಬ್ಯಾಕ್ಟೀರಿಯಾ ದೊಡ್ಡಕರುಳಿನ ಗೋಡೆಯೊಳಕ್ಕೇ ನುಗ್ಗಿ ಹುಣ್ಣು ಮಾಡುತ್ತದೆ. ರಕ್ತ, ಲೋಳೆ ಮತ್ತು ಕೀವು ಮಲದಲ್ಲಿ ಸೇರುತ್ತವೆ. ಜ್ವರ, ಹೊಟ್ಟೆ ನುಲಿತ, ಮಲವಿಲ್ಲದಿದ್ದರೂ ಮತ್ತೆ ಮತ್ತೆ ಮುಕ್ಕರಿಯಬೇಕೆನಿಸುವುದು ಇದರ ಲಕ್ಷಣಗಳು. ಮಲದ ಪ್ರಮಾಣ ಪ್ರತಿಸಲವೂ ಸ್ವಲ್ಪವೇ ಇರುತ್ತದೆ. ಇಲ್ಲಿ ನೀರಿನ ನಷ್ಟಕ್ಕಿಂತ ಗೋಡೆಯ ಹಾನಿ ದೊಡ್ಡದು. ಅಮೀಬಾದಿಂದ ಬರುವ ಆಮಶಂಕೆ ಸಾಮಾನ್ಯವಾಗಿ ನಿಧಾನವಾಗಿ ಆರಂಭವಾಗಿ, ಕಿರಿದಾದ ಬಾಯಿ ಮತ್ತು ಅಗಲವಾದ ತಳವುಳ್ಳ ಹುಣ್ಣುಗಳನ್ನು ಮಾಡುತ್ತದೆ.

ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಪಡೆಯುತ್ತಿರುವ ರೋಗಿಗೆ ಹೊಸದಾಗಿ ಭೇದಿ ಆರಂಭವಾದರೆ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾವನ್ನು ನೆನಪಿಗೆ ತಂದುಕೊಳ್ಳಬೇಕು. ಕರುಳಿನ ಸಹಜ ಜೀವಾಣುಗಳು ಔಷಧದಿಂದ ನಾಶವಾದಾಗ ಇದು ಬೆಳೆದು, ವಿಷಗಳಿಂದ ದೊಡ್ಡಕರುಳಿನಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಇದರ ಬೀಜಕಣಗಳು ಆಲ್ಕೋಹಾಲಿನ ಕೈದ್ರಾವಣಕ್ಕೆ ಸಾಯುವುದಿಲ್ಲವಾದ್ದರಿಂದ ಶುಶ್ರೂಷಕರು ಸೋಪು ಮತ್ತು ನೀರಿನಿಂದಲೇ ಕೈತೊಳೆಯಬೇಕಾಗುತ್ತದೆ. ಥೈರಾಯ್ಡ್ ಹೆಚ್ಚಳ, ಮಧುಮೇಹದ ನರದೌರ್ಬಲ್ಯ ಮೊದಲಾದವುಗಳಲ್ಲಿ ಕರುಳಿನ ಚಲನೆ ಕೆಟ್ಟು ಅತಿಸಾರವಾಗುವುದುಂಟು.

ದೇಹದ ಮೇಲಿನ ಪರಿಣಾಮ

ಅತಿಸಾರದಲ್ಲಿ ನಷ್ಟವಾಗುವುದು ಬರಿಯ ನೀರಲ್ಲ. ಅದರೊಡನೆ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಮತ್ತು ಬೈಕಾರ್ಬನೇಟ್ ಹೋಗುತ್ತವೆ. ಪ್ರತಿಯೊಂದರ ನಷ್ಟಕ್ಕೂ ಅದರದೇ ಆದ ಲಕ್ಷಣಗಳಿವೆ.

ನೀರು ಮತ್ತು ಸೋಡಿಯಂ ಕಡಿಮೆಯಾದಾಗ ರಕ್ತದ ಗಾತ್ರ ಕುಗ್ಗುತ್ತದೆ. ಹೃದಯ ವೇಗವಾಗಿ ಬಡಿಯತೊಡಗುತ್ತದೆ. ಚರ್ಮದ ಮತ್ತು ಕೈಕಾಲುಗಳ ರಕ್ತನಾಳಗಳು ಸಂಕುಚಿಸಿ, ಇದ್ದ ರಕ್ತವು ಮಿದುಳು ಮತ್ತು ಹೃದಯಕ್ಕೆ ಮೀಸಲಾಗುತ್ತದೆ. ಅಂಗೈ ಅಂಗಾಲು ತಣ್ಣಗಾಗುವುದು ಇದರಿಂದ. ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುವುದರಿಂದ ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗುತ್ತದೆ. ಈ ಹೊಂದಾಣಿಕೆಗಳು ನಡೆದಿರುವಷ್ಟು ಕಾಲ ರಕ್ತದೊತ್ತಡ ಬೀಳದೆ ನಿಂತಿರುತ್ತದೆ. ಮಕ್ಕಳಲ್ಲಿ ರಕ್ತದೊತ್ತಡ ಇಳಿಯುವುದು ತೀರ ಕೊನೆಯ ಹಂತದಲ್ಲಿ. ಆದಕಾರಣ ಒತ್ತಡ ಸರಿಯಿದೆಯೆಂದು ನೆಮ್ಮದಿ ತಾಳುವಂತಿಲ್ಲ. ಮೂತ್ರಪಿಂಡಕ್ಕೆ ರಕ್ತದ ಪೂರೈಕೆ ಹೆಚ್ಚು ಹೊತ್ತು ಕುಗ್ಗಿದರೆ ಅದು ಕೆಲಸ ನಿಲ್ಲಿಸುತ್ತದೆ.

ಬೈಕಾರ್ಬನೇಟ್ ನಷ್ಟದಿಂದ ರಕ್ತದಲ್ಲಿ ಆಮ್ಲತೆ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ರೋಗಿಯು ಆಳವಾಗಿ, ವೇಗವಾಗಿ ಉಸಿರಾಡುತ್ತಾನೆ. ಎದೆಯಲ್ಲಿ ಕಫವಾಗಲಿ ಕೆಮ್ಮಾಗಲಿ ಇಲ್ಲದೆ ಮಗು ಹೀಗೆ ಉಸಿರಾಡುತ್ತಿದ್ದರೆ ನ್ಯುಮೋನಿಯ ಎಂದು ತಪ್ಪಾಗಿ ತಿಳಿಯುವ ಸಂಭವವುಂಟು. ಪೊಟ್ಯಾಸಿಯಂ ಕಡಿಮೆಯಾದರೆ ಸ್ನಾಯುಗಳು ಸೋಲುತ್ತವೆ, ಕತ್ತು ನಿಲ್ಲದಾಗುತ್ತದೆ, ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ, ಹೃದಯದ ಲಯ ತಪ್ಪುತ್ತದೆ. ಭೇದಿ ನಿಂತಿತೆಂದು ಮನೆಯವರು ಸಮಾಧಾನಪಡುವ ಹೊತ್ತಿನಲ್ಲಿ ಹೊಟ್ಟೆ ಉಬ್ಬುತ್ತಿದ್ದರೆ ಅದು ಗುಣದ ಸೂಚನೆಯಲ್ಲ.

ಶಿಶುಗಳಿಗೆ ಅಪಾಯ ಹೆಚ್ಚೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹತ್ತು ಕಿಲೋ ತೂಕದ ಮಗುವಿನ ದೇಹದಲ್ಲಿರುವ ರಕ್ತ ಸುಮಾರು 800 ಮಿಲಿಲೀಟರ್. ತೂಕದ ಹತ್ತನೇ ಒಂದು ಭಾಗ, ಅಂದರೆ ಒಂದು ಲೀಟರ್ ದ್ರವ ನಷ್ಟವಾದರೆ ಮಗು ತೀವ್ರ ನಿರ್ಜಲೀಕರಣದ ಅಂಚಿಗೆ ಬಂದಿರುತ್ತದೆ. ಒಂದು ಚೊಂಬಿನಷ್ಟು ನೀರು ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ದೊಡ್ಡವರಾದರೆ ಬಾಯಾರಿತೆಂದು ಎದ್ದು ನೀರು ಕುಡಿಯುತ್ತಾರೆ. ಕೂಸು ಅಳಬಲ್ಲದು ಅಷ್ಟೇ, ಆ ಅಳುವಿಗೂ ಸ್ವಲ್ಪ ಹೊತ್ತಿನಲ್ಲಿ ಶಕ್ತಿ ಉಳಿಯುವುದಿಲ್ಲ.

ನಿರ್ಜಲೀಕರಣದ ಗುರುತುಗಳು

ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ನಿರ್ಜಲೀಕರಣವನ್ನು ಅಳೆಯಲು ಪ್ರಯೋಗಾಲಯದ ಅಗತ್ಯವಿಲ್ಲದ ನಾಲ್ಕು ಗುರುತುಗಳನ್ನು ಬಳಸುತ್ತದೆ: ಮಗುವಿನ ಸ್ಥಿತಿ, ಕಣ್ಣು, ಬಾಯಾರಿಕೆ ಮತ್ತು ಚರ್ಮ. ಕಿರಿಕಿರಿ, ಗುಳಿಬಿದ್ದ ಕಣ್ಣು, ನೀರನ್ನು ಆತುರದಿಂದ ಕುಡಿಯುವುದು, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟಾಗ ನಿಧಾನವಾಗಿ ಮರಳುವುದು, ಇವುಗಳಲ್ಲಿ ಎರಡು ಕಂಡರೂ ಮಗುವಿಗೆ ನಿರ್ಜಲೀಕರಣವಾಗಿದೆ ಎಂದರ್ಥ. ಮಂಕುತನ ಅಥವಾ ಪ್ರಜ್ಞಾಹೀನತೆ, ಗುಳಿಬಿದ್ದ ಕಣ್ಣು, ಕುಡಿಯಲಾಗದಿರುವುದು, ಎತ್ತಿದ ಚರ್ಮ ಎರಡು ಸೆಕೆಂಡಾದರೂ ಮರಳದಿರುವುದು, ಇವುಗಳಲ್ಲಿ ಎರಡು ಇದ್ದರೆ ಅದು ತೀವ್ರ ನಿರ್ಜಲೀಕರಣ.

ಈ ಎರಡು ಹಂತಗಳ ನಡುವಣ ಬದಲಾವಣೆ ಮೋಸಗೊಳಿಸುವಂಥದು. ಮೊದಲ ಹಂತದಲ್ಲಿ ಮಗು ರಚ್ಚೆ ಹಿಡಿಯುತ್ತದೆ, ನೀರಿನ ಲೋಟಕ್ಕೆ ಕೈಚಾಚುತ್ತದೆ. ಎರಡನೆಯದರಲ್ಲಿ ಸುಮ್ಮನಾಗುತ್ತದೆ. ರಾತ್ರಿಯಿಡೀ ಅತ್ತ ಮಗು ಬೆಳಗಿನ ಜಾವ ಮಲಗಿತೆಂದು ತಾಯಿ ಹೇಳಿದರೆ, ಆ ಮಲಗುವಿಕೆ ನಿದ್ದೆಯೋ ಮಂಕುತನವೋ ಎಂಬುದನ್ನು ಎಬ್ಬಿಸಿ ನೋಡಿಯೇ ತೀರ್ಮಾನಿಸಬೇಕು. ಚರ್ಮದ ಪರೀಕ್ಷೆಗೂ ಮಿತಿಗಳಿವೆ. ಅಪೌಷ್ಟಿಕತೆಯಿಂದ ಬಡಕಲಾದ ಮಗುವಿನ ಚರ್ಮ ನೀರಿನ ಕೊರತೆಯಿಲ್ಲದಿದ್ದರೂ ನಿಧಾನವಾಗಿ ಮರಳುತ್ತದೆ. ದಪ್ಪಗಿರುವ ಮಗುವಿನಲ್ಲಿ ಕೊರತೆಯಿದ್ದರೂ ಬೇಗ ಮರಳಬಹುದು. ಮಗುವಿನ ತೂಕವನ್ನು ದಾಖಲಿಸಿಕೊಂಡು ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ತೂಗುವುದು ಹೆಚ್ಚು ವಿಶ್ವಾಸಾರ್ಹ.

ಮರುಜಲೀಕರಣದ ಆಧಾರ

ಕಾಲರಾ ರೋಗಿಯ ರಕ್ತದಿಂದ ನೀರು ಮತ್ತು ಲವಣ ನಷ್ಟವಾಗಿರುವುದನ್ನು 1831-32ರಲ್ಲಿ ವಿಲಿಯಂ ಬ್ರೂಕ್ ಓಶಾನೆಸಿ ಬ್ರಿಟನ್ನಿನಲ್ಲಿ ತೋರಿಸಿದರು. 1832ರಲ್ಲಿ ಥಾಮಸ್ ಲ್ಯಾಟಾ ಸ್ಕಾಟ್ಲೆಂಡಿನ ಲೀತ್‌ನಲ್ಲಿ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಸೇರಿಸಿ ಕೆಲವರನ್ನು ಬದುಕಿಸಿದರು. ಆದರೂ ಆ ವಿಧಾನ ಬಹುಕಾಲ ಮೂಲೆಗೆ ಬಿದ್ದಿತ್ತು. ಬಾಯಿಯ ಮೂಲಕ ಕೊಟ್ಟ ಉಪ್ಪುನೀರು ಮಾತ್ರ ಪ್ರಯೋಜನವಾಗುತ್ತಿರಲಿಲ್ಲ. ಗ್ಲೂಕೋಸ್ ಇಲ್ಲದೆ ಸೋಡಿಯಂ ಬಾಗಿಲು ದಾಟದೆಂಬುದು ಆಗ ತಿಳಿದಿರಲಿಲ್ಲ.

1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನಶಾಸ್ತ್ರಜ್ಞರು ಪ್ರಾಗ್ ನಗರದ ವಿಚಾರಗೋಷ್ಠಿಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಸಾಗುವ ಕಲ್ಪನೆಯನ್ನು ಮಂಡಿಸಿದರು. ಅದು ಶುದ್ಧ ಶರೀರವಿಜ್ಞಾನದ ವಿಷಯವಾಗಿತ್ತು. 1968ರಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ ಗ್ಲೂಕೋಸ್ ಬೆರೆಸಿದ ಲವಣ ದ್ರಾವಣವನ್ನು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ಕೊಟ್ಟು, ಡ್ರಿಪ್ಪಿನ ಅಗತ್ಯ ಬಹುಮಟ್ಟಿಗೆ ಕಡಿಮೆಯಾಗುತ್ತದೆಂದು ತೋರಿಸಿದರು.

ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ. ಬಾಂಗ್ಲಾದೇಶ ಯುದ್ಧದ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ನೆರೆದಾಗ ಅವರಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಸೇರಿಸುವ ದ್ರವದ ದಾಸ್ತಾನು ಸಾಲದೆ, ರೋಗಿಗಳು ಆಸ್ಪತ್ರೆಯ ನೆಲದ ಮೇಲೆಯೇ ಮಲಗಿದ್ದರು. ಅಲ್ಲಿದ್ದ ದಿಲೀಪ್ ಮಹಲನಾಬಿಸ್ ಎಂಬ ವೈದ್ಯರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಸೇರಿಸಿ ದ್ರಾವಣ ತಯಾರಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಅದನ್ನು ಕುಡಿಸಿದರು. ವೈದ್ಯರ ನಿಗಾ ಇಲ್ಲದೆ ಸಾಮಾನ್ಯ ಜನರು ಇದನ್ನು ನಿರ್ವಹಿಸಬಲ್ಲರೆಂಬ ನಂಬಿಕೆ ಆಗಿನ ವೈದ್ಯಲೋಕಕ್ಕೆ ಇರಲಿಲ್ಲ. ಮರಣದ ಪ್ರಮಾಣ ಸುಮಾರು ಶೇಕಡ 30ರಿಂದ 3.6ಕ್ಕೆ ಇಳಿಯಿತು. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ದ್ರಾವಣದ ಅಳತೆ

ಈಗ ಬಳಕೆಯಲ್ಲಿರುವ ಓ.ಆರ್.ಎಸ್. ಪುಡಿಯ ಸೂತ್ರ 2002ರದು. ಒಂದು ಲೀಟರ್ ನೀರಿಗೆ 2.6 ಗ್ರಾಂ ಸೋಡಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಪೊಟ್ಯಾಸಿಯಂ ಕ್ಲೋರೈಡು ಕಳೆದ ಪೊಟ್ಯಾಸಿಯಮನ್ನು ತುಂಬುತ್ತದೆ. ಸಿಟ್ರೇಟು ಆಮ್ಲತೆಯನ್ನು ತಗ್ಗಿಸುತ್ತದೆ. ಸೋಡಿಯಂ ಮತ್ತು ಗ್ಲೂಕೋಸುಗಳು ಲೀಟರಿಗೆ ತಲಾ 75 ಮಿಲಿಮೋಲ್ ಇರುತ್ತವೆ. ಒಟ್ಟು ಸಾಂದ್ರತೆ 245. ಇದು ರಕ್ತದ ಸಾಂದ್ರತೆಗಿಂತ ಕಡಿಮೆ. ಹಿಂದಿನ ಸೂತ್ರದಲ್ಲಿ ಅದು 311 ಆಗಿತ್ತು. ತೆಳುವಾದ ಹೊಸ ದ್ರಾವಣದಿಂದ ಮಕ್ಕಳಲ್ಲಿ ವಾಂತಿಯೂ ಡ್ರಿಪ್ಪಿನ ಅಗತ್ಯವೂ ಇಳಿದವು.

ಇಲ್ಲಿ ಅಳತೆಯೇ ಔಷಧ. ಸಕ್ಕರೆ ಹೆಚ್ಚಾದರೆ ಹೀರಲ್ಪಡದೆ ಉಳಿದು, ಮೇಲೆ ಹೇಳಿದ ಅಭಿಸರಣೆಯ ಅತಿಸಾರವನ್ನೇ ಹೊಸದಾಗಿ ಸೇರಿಸುತ್ತದೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಸೆಳವು ಬರಬಹುದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಬೆರೆಸುವುದು ಮನೆಗಳಲ್ಲಿ ಆಗುವ ಅಪಾಯಕಾರಿ ತಪ್ಪು. ಪೊಟ್ಟಣವನ್ನು ಕೊಡುವ ಶುಶ್ರೂಷಕರು ನೀರಿನ ಪಾತ್ರೆಯ ಅಳತೆಯನ್ನು ಕೈಯಾರೆ ತೋರಿಸಿಕೊಡುವುದು ಒಳಿತು. ಪೊಟ್ಟಣ ದೊರೆಯದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಟೀಚಮಚ ಸಕ್ಕರೆ ಮತ್ತು ಅರ್ಧ ಸಮಟೀಚಮಚ ಉಪ್ಪು ಬೆರೆಸಬಹುದು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ.

ಉಪ್ಪು ಹಾಕಿದ ಅಕ್ಕಿಗಂಜಿ ಮತ್ತು ಮಜ್ಜಿಗೆ ಮನೆಯಲ್ಲೇ ದೊರೆಯುವ ಒಳ್ಳೆಯ ಪಾನೀಯಗಳು. ಗಂಜಿಯ ಪಿಷ್ಟವು ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸಾಗುವುದರಿಂದ ಸಾಂದ್ರತೆ ಒಮ್ಮೆಲೇ ಏರುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದು ಸೋಡಿಯಂ ಕಡಿಮೆ. ಆದ್ದರಿಂದ ಅದೊಂದೇ ಸಾಲದು. ತಂಪುಪಾನೀಯಗಳೂ ಪೊಟ್ಟಣದ ಹಣ್ಣಿನ ರಸಗಳೂ ಸಕ್ಕರೆ ತುಂಬಿದವಾದ್ದರಿಂದ ಕೊಡತಕ್ಕವಲ್ಲ. ಭಾರತದಲ್ಲಿ ಇಂಥ ಸಿಹಿಪಾನೀಯಗಳು ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರ ಪಾನೀಯಗಳ ಮೇಲೆ ಆ ಅಕ್ಷರಗಳ ಬಳಕೆಯನ್ನು ನಿಷೇಧಿಸಿತು.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ದ್ರಾವಣ ಕೊಡಬೇಕು. ನಿರ್ಜಲೀಕರಣದ ಗುರುತುಗಳು ಆಗಲೇ ಇದ್ದರೆ ತೂಕದ ಪ್ರತಿ ಕಿಲೋಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಕುಡಿಸಿ, ಮತ್ತೆ ಪರೀಕ್ಷಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಮುಂದುವರಿಸಬೇಕು. ತೀವ್ರ ನಿರ್ಜಲೀಕರಣದಲ್ಲಿ ಮಾತ್ರ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಕಿಲೋಗೆ 100 ಮಿಲಿಲೀಟರಿನಂತೆ ರಕ್ತನಾಳದ ಮೂಲಕ ಕೊಡಲಾಗುತ್ತದೆ: ಒಂದು ವರ್ಷದೊಳಗಿನ ಶಿಶುವಿಗೆ ಆರು ಗಂಟೆಗಳಲ್ಲಿ, ದೊಡ್ಡವರಿಗೆ ಮೂರು ಗಂಟೆಗಳಲ್ಲಿ. ಅದರಲ್ಲಿ 30 ಮಿಲಿಲೀಟರಿನ ಮೊದಲ ಪಾಲನ್ನು ಶಿಶುವಿಗೆ ಒಂದು ಗಂಟೆಯಲ್ಲಿ, ಉಳಿದವರಿಗೆ ಅರ್ಧ ಗಂಟೆಯಲ್ಲಿ ಏರಿಸಬೇಕು. ಜನರು ಡ್ರಿಪ್ಪನ್ನು 'ಗ್ಲೂಕೋಸ್ ಏರಿಸುವುದು' ಎನ್ನುವುದುಂಟು. ಬರಿಯ ಗ್ಲೂಕೋಸ್ ದ್ರವದಲ್ಲಿ ಸೋಡಿಯಂ ಇಲ್ಲದ್ದರಿಂದ ಅದು ರಕ್ತನಾಳಗಳಲ್ಲಿ ನಿಲ್ಲದು; ಅತಿಸಾರದ ಚಿಕಿತ್ಸೆಗೆ ಅದು ತಕ್ಕದ್ದಲ್ಲ. ತೀವ್ರ ಅಪೌಷ್ಟಿಕತೆಯಿರುವ ಮಗುವಿನ ಹೃದಯ ದುರ್ಬಲವಾಗಿರುವುದರಿಂದ ಆ ಮಗುವಿಗೆ ಈ ಪ್ರಮಾಣಗಳು ಅನ್ವಯಿಸುವುದಿಲ್ಲ.

ಓ.ಆರ್.ಎಸ್. ಭೇದಿಯನ್ನು ನಿಲ್ಲಿಸುವುದಿಲ್ಲ. ಅದನ್ನು ಕುಡಿಸುತ್ತಿದ್ದಂತೆಯೇ ಮಗು ಮತ್ತೆ ಮತ್ತೆ ಭೇದಿ ಮಾಡುತ್ತಿರುತ್ತದೆ. ಹೊಟ್ಟೆಗೆ ಏನಾದರೂ ಹೋದಕೂಡಲೇ ದೊಡ್ಡಕರುಳು ಚಲಿಸುವುದು ಸಹಜವಾದ ಪ್ರತಿವರ್ತನೆ. ಕುಡಿಸಿದ್ದೇ ಹಾಗೆಯೇ ಹೊರಬಂತೆಂದು ಭಾವಿಸಿ ಮನೆಯವರು ನಿಲ್ಲಿಸಿಬಿಡುತ್ತಾರೆ. ಈ ದ್ರಾವಣವು ಸೋರಿಕೆಯನ್ನು ಮುಚ್ಚುವುದಿಲ್ಲ, ಸೋರಿದ್ದನ್ನು ತುಂಬುತ್ತದೆ ಎಂಬುದನ್ನು ಮೊದಲೇ ತಿಳಿಸಿ ಹೇಳದಿದ್ದರೆ ಪೊಟ್ಟಣ ಕೊಟ್ಟೂ ಪ್ರಯೋಜನವಾಗದು.

ಆಹಾರ, ಸತು ಮತ್ತು ಔಷಧಗಳು

ಹೊಟ್ಟೆ ಕೆಟ್ಟಾಗ ಲಂಘನವೇ ಮದ್ದು ಎಂಬ ನಂಬಿಕೆ ಹಳೆಯದು. ತೀವ್ರ ಅತಿಸಾರದ ಮಗುವಿನ ವಿಷಯದಲ್ಲಿ ಇದು ಸಲ್ಲದು. ಕರುಳಿನ ಜೀವಕೋಶಗಳು ತಮ್ಮ ಪೋಷಣೆಯ ಒಂದು ಪಾಲನ್ನು ಕೊಳವೆಯೊಳಗಿನ ಆಹಾರದಿಂದಲೇ ಪಡೆಯುತ್ತವೆ. ಆಹಾರ ನಿಂತರೆ ಹಾಳಾದ ಒಳಪದರದ ದುರಸ್ತಿಯೂ ನಿಧಾನವಾಗುತ್ತದೆ; ಮಗು ಸೊರಗಿ ಮುಂದಿನ ಸೋಂಕಿಗೆ ಸುಲಭವಾಗಿ ಈಡಾಗುತ್ತದೆ. ಎದೆಹಾಲನ್ನು ಒಂದು ಹೊತ್ತಿಗೂ ನಿಲ್ಲಿಸತಕ್ಕದ್ದಲ್ಲ. ಮೆತ್ತಗಿನ ಅನ್ನ, ಮೊಸರು, ಬೇಳೆ, ಬಾಳೆಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು.

ಅತಿಸಾರದಲ್ಲಿ ಸತುವೂ ನಷ್ಟವಾಗುತ್ತದೆ. ಒಳಪದರದ ಪುನರ್ನಿರ್ಮಾಣಕ್ಕೂ ರೋಗನಿರೋಧಕ್ಕೂ ಅದು ಬೇಕು. ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಶಿಶುವಿಗೆ 10 ಮಿಲಿಗ್ರಾಂ ಸತುವನ್ನು 10ರಿಂದ 14 ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಸಲಹೆ ಮಾಡಿದವು. ಭೇದಿ ನಿಂತ ಮೇಲೂ ಇದನ್ನು ಮುಂದುವರಿಸಬೇಕಾಗುತ್ತದೆ.

ಆಂಟಿಬಯೋಟಿಕ್‌ಗಳು ಆಮಶಂಕೆ, ತೀವ್ರ ಕಾಲರಾ ಮೊದಲಾದ ಕೆಲವೇ ಸಂದರ್ಭಗಳಿಗೆ ಮೀಸಲು. ರೋಟಾವೈರಸ್ಸಿನ ಮೇಲೆ ಅವು ಕೆಲಸ ಮಾಡುವುದಿಲ್ಲ. ಕರುಳಿನ ಚಲನೆಯನ್ನು ತಡೆಯುವ ಲೊಪೆರಮೈಡ್‌ನಂತಹ ಮಾತ್ರೆಗಳನ್ನು ಚಿಕ್ಕ ಮಕ್ಕಳಿಗೆ ಕೊಡಬಾರದು. ಇವು ಮಲ ಹೊರಬರುವುದನ್ನು ತಡೆಯುತ್ತವೆಯೇ ಹೊರತು ರಕ್ತದಿಂದ ಕರುಳಿಗೆ ಸುರಿಯುವ ದ್ರವವನ್ನಲ್ಲ. ಹೊರಗೆ ಕಾಣದಂತೆ ಕರುಳಿನಲ್ಲೇ ತುಂಬಿಕೊಂಡ ದ್ರವವೂ ರಕ್ತದ ಪಾಲಿಗೆ ನಷ್ಟವೇ. ಆಮಶಂಕೆಯಲ್ಲಿ ರೋಗಾಣು ಮತ್ತು ಅದರ ವಿಷವು ಕರುಳಿನಲ್ಲಿ ಹೆಚ್ಚು ಹೊತ್ತು ಉಳಿಯುವಂತಾಗುವ ಅಪಾಯವೂ ಇದೆ.